ಸಿಟಿ ಪರದೆಯ ಡೋಸ್ ಅಂಕೆಯನ್ನು ಅಳೆದು ನೋಡಿ

ಆಸ್ಪತ್ರೆ ನಡೆಸುವವರಿಗೆ, ಸಿಟಿ ಯಂತ್ರ ತಯಾರಿಸುವವರಿಗೆ, ವಿಕಿರಣ ಸುರಕ್ಷತೆಯ ನಿಯಮ ಮಾಡುವವರಿಗೆ,

ಮಾನ್ಯರೇ,

ಸಿಟಿ ಸ್ಕ್ಯಾನ್ ಮುಗಿದ ಮೇಲೆ ಕನ್ಸೋಲ್‌ನಲ್ಲಿ ಒಂದು ಡೋಸ್ ಪುಟ, ಅಂದರೆ ವಿಕಿರಣದ ಪ್ರಮಾಣ ಬರೆದ ಪುಟ, ಬರುತ್ತದೆ. ಅದರಲ್ಲಿ ಎರಡು ಅಂಕೆ ಮುಖ್ಯ. ಒಂದು ಸಿಟಿಡಿಐ-ವಾಲ್, ಅಂದರೆ ಯಂತ್ರ ಕೊಡುವ ವಿಕಿರಣದ ಸೂಚಕ, ಡೋಸ್ ಅಳೆಯುವ ಮಿಲಿಗ್ರೇ ಲೆಕ್ಕದಲ್ಲಿ. ಇನ್ನೊಂದು ಡಿಎಲ್‌ಪಿ, ಅಂದರೆ ಮೊದಲ ಅಂಕೆಯನ್ನು ಸ್ಕ್ಯಾನ್ ಮಾಡಿದ ಉದ್ದದಿಂದ ಗುಣಿಸಿದ್ದು. ಈ ಎರಡೂ ಅಲ್ಲಿಗೇ ನಿಲ್ಲುವುದಿಲ್ಲ. ರೋಗಿಯ ದಾಖಲೆಗೆ ಹೋಗುತ್ತವೆ, ಡೋಸ್ ಲೆಕ್ಕ ಇಡುವ ಸಾಫ್ಟ್‌ವೇರ್‌ಗೆ ಹೋಗುತ್ತವೆ, ಯಾವ ಸ್ಕ್ಯಾನ್‌ಗೆ ಎಷ್ಟು ಡೋಸ್ ಸಾಕು ಎಂದು ಮಟ್ಟ ಗೊತ್ತುಮಾಡುವ ಸಮೀಕ್ಷೆಗೆ ಹೋಗುತ್ತವೆ, ಕೊನೆಗೆ ಕ್ಯಾನ್ಸರ್ ಅಪಾಯದ ಸಂಶೋಧನೆಯವರೆಗೂ ಮುಟ್ಟುತ್ತವೆ. ಇಷ್ಟು ದೂರ ಹೋಗುವ ಅಂಕೆ ಸರಿಯಾಗಿದೆಯಾ ಎಂದು ಯಂತ್ರದ ಪಕ್ಕ ನಿಂತು ಅಳೆದು ನೋಡುವುದು ನನ್ನಂಥ ಮೆಡಿಕಲ್ ಫಿಸಿಸಿಸ್ಟ್‌ಗಳ ಕೆಲಸ. ಆ ಕೆಲಸಕ್ಕೆ ಸಿಗಬೇಕಾದ ಸಮಯ, ಗಮನ ಸಿಗುತ್ತಿಲ್ಲ. ಅದಕ್ಕೇ ಈ ಪತ್ರ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿ ಯಾರೂ ಬೇಕಾದ ಸ್ಕ್ಯಾನ್ ತಪ್ಪಿಸಬೇಡಿ. ತಲೆಗೆ ಪೆಟ್ಟು ಬಿದ್ದಿದೆ, ಒಳಗೆ ರಕ್ತಸ್ರಾವ ಆಗಿದೆಯೋ ಎಂಬ ಅನುಮಾನ ಇದೆ ಎನ್ನುವಾಗ ಸಿಟಿ ಜೀವ ಉಳಿಸುತ್ತದೆ. ನನ್ನ ತಕರಾರು ಸ್ಕ್ಯಾನ್ ಬಗ್ಗೆ ಅಲ್ಲ, ಅದರ ಜೊತೆ ಬರುವ ಅಂಕೆಯ ಬಗ್ಗೆ.

ಆ ಅಂಕೆ ಎಲ್ಲಿಂದ ಬರುತ್ತದೆ ಗೊತ್ತಾ? ಟೇಬಲ್ ಮೇಲೆ ಮಲಗಿದ ವ್ಯಕ್ತಿಯ ಮೈಮೇಲೆ ಅಳತೆಯ ಉಪಕರಣ ಯಾವುದೂ ಇರುವುದಿಲ್ಲ. ಯಂತ್ರ ತಯಾರಾಗುವಾಗ ಕಂಪನಿಯವರು ಒಂದು ಅಕ್ರಿಲಿಕ್ ಸಿಲಿಂಡರ್ ಇಟ್ಟು ಅಳೆದಿರುತ್ತಾರೆ. ಅದಕ್ಕೆ ಫ್ಯಾಂಟಮ್ ಎನ್ನುತ್ತೇವೆ. ತಲೆಗೆ 16 ಸೆಂ.ಮೀ. ವ್ಯಾಸದ್ದು, ದೇಹಕ್ಕೆ 32 ಸೆಂ.ಮೀ. ವ್ಯಾಸದ್ದು. ಆ ಅಳತೆಗಳು ಒಂದು ಕೋಷ್ಟಕವಾಗಿ ಸಾಫ್ಟ್‌ವೇರ್ ಒಳಗೆ ಕೂತಿರುತ್ತವೆ. ಸ್ಕ್ಯಾನ್ ಮಾಡುವಾಗ ಯಂತ್ರ ತನ್ನ ಕಿಲೋವೋಲ್ಟ್, ಮಿಲಿಆಂಪಿಯರ್, ಸುತ್ತುವ ಸಮಯ, ಕಿರಣದ ಅಗಲ, ಪಿಚ್ (ಒಂದು ಸುತ್ತಿಗೆ ಟೇಬಲ್ ಸರಿಯುವ ದೂರವನ್ನು ಕಿರಣದ ಅಗಲದಿಂದ ಭಾಗಿಸಿದ್ದು) ಇಷ್ಟನ್ನು ನೋಡಿ ಕೋಷ್ಟಕದಿಂದ ಲೆಕ್ಕ ಹಾಕಿ ಪರದೆಗೆ ಬರೆಯುತ್ತದೆ. ಗಾಡಿ ಕೊಳ್ಳುವಾಗ ಕಂಪನಿ ಹೇಳುವ ಮೈಲೇಜ್ ಇದ್ದ ಹಾಗೆ. ಅದು ಸುಳ್ಳಲ್ಲ, ಆದರೆ ನಿಮ್ಮ ಗಾಡಿಯನ್ನು ನಿಮ್ಮ ರಸ್ತೆಯಲ್ಲಿ ಓಡಿಸಿ ನೋಡಿದ್ದೂ ಅಲ್ಲ.

ಹಾಗಾಗಿ ಎಕ್ಸ್‌ರೇ ಟ್ಯೂಬ್ ಹಳೆಯದಾಗಿ ಅದರ ಔಟ್‌ಪುಟ್ ಬದಲಾದರೆ ಪರದೆಯ ಅಂಕೆಗೆ ಅದು ತಿಳಿಯುವುದೇ ಇಲ್ಲ. ಟ್ಯೂಬ್ ಬದಲಿಸಿ ಹೊಸದು ಹಾಕಿದರೂ ಅಷ್ಟೇ. ಯಾವುದೋ ರಿಪೇರಿಯಲ್ಲಿ, ಕಿರಣದ ಅಗಲ ನಿಯಂತ್ರಿಸುವ ಕಾಲಿಮೇಟರಿನ ಹೊಂದಾಣಿಕೆ ಸ್ವಲ್ಪ ಜರುಗಿದರೂ ಅಷ್ಟೇ. ಅಂಕೆ ನಿನ್ನೆಯಂತೆಯೇ ಅಚ್ಚುಕಟ್ಟಾಗಿ, ಎರಡು ದಶಮಾಂಶದವರೆಗೆ ಬರುತ್ತಲೇ ಇರುತ್ತದೆ. ಆ ಎರಡು ದಶಮಾಂಶ ನೋಡಿದವರಿಗೆ ಇದು ಬಹಳ ನಿಖರ ಎಂಬ ನಂಬಿಕೆ ಹುಟ್ಟುತ್ತದೆ. ನನಗೆ ಚಿಂತೆ ಹುಟ್ಟಿಸುವುದೇ ಅದು.

ಅಳೆದು ನೋಡುವುದು ದೊಡ್ಡ ವಿಜ್ಞಾನವೇನಲ್ಲ, ಆದರೆ ತಾಳ್ಮೆ ಬೇಕು. ಫ್ಯಾಂಟಮ್‌ನಲ್ಲಿ ಐದು ತೂತು ಇರುತ್ತವೆ. ನಡುವೆ ಒಂದು, ಅಂಚಿನಿಂದ ಒಂದು ಸೆಂ.ಮೀ. ಒಳಗೆ ಗಡಿಯಾರದ 12, 3, 6, 9 ಇರುವ ಜಾಗದಲ್ಲಿ ನಾಲ್ಕು. ಫ್ಯಾಂಟಮ್ಮನ್ನು ಗ್ಯಾಂಟ್ರಿಯ, ಅಂದರೆ ಟ್ಯೂಬ್ ಸುತ್ತುವ ಬಳೆಯಾಕಾರದ ಭಾಗದ, ಸರಿಯಾದ ಮಧ್ಯಕ್ಕೆ ತರಬೇಕು. ಲೇಸರ್ ಗೆರೆ ನೋಡಿ ಸಾಕು ಎನ್ನಬಾರದು, ಒಂದು ಚಿತ್ರ ತೆಗೆದು ಖಚಿತ ಮಾಡಿಕೊಳ್ಳಬೇಕು. 100 ಮಿ.ಮೀ. ಉದ್ದದ ಪೆನ್ಸಿಲ್ ಚೇಂಬರ್, ಅಂದರೆ ವಿಕಿರಣ ಅಳೆಯುವ ಕಡ್ಡಿಯಂಥ ಉಪಕರಣ, ಒಂದು ತೂತಿಗೆ ಹೋಗುತ್ತದೆ. ಉಳಿದ ನಾಲ್ಕಕ್ಕೆ ಅಕ್ರಿಲಿಕ್ ಕಡ್ಡಿ ತುರುಕಬೇಕು. ಈ ಕಡ್ಡಿ ಮರೆತರೆ ರೀಡಿಂಗ್ ಕೆಡುತ್ತದೆ. ಟ್ಯೂಬ್ ಕರೆಂಟನ್ನು ತಾನಾಗಿ ಏರಿಳಿಸುವ ವ್ಯವಸ್ಥೆಯನ್ನು ಆಫ್ ಮಾಡಬೇಕು. ಟೇಬಲ್ ಕದಲಿಸದೆ ಒಂದೇ ಸುತ್ತು ಸ್ಕ್ಯಾನ್ ಮಾಡಿ, ಚೇಂಬರಿಗೆ ಜೋಡಿಸಿದ ಎಲೆಕ್ಟ್ರೋಮೀಟರ್ ಎಂಬ ಮೀಟರ್ ಓದಬೇಕು. ಚೇಂಬರ್ ಗಾಳಿಗೆ ತೆರೆದಿದ್ದರೆ ಕೋಣೆಯ ಉಷ್ಣತೆ, ಒತ್ತಡಕ್ಕೆ ತಕ್ಕಂತೆ ತಿದ್ದಬೇಕು. ಹೀಗೆ ಐದೂ ತೂತಿಗೆ, ಪ್ರತಿ ತೂತಿಗೂ ಒಂದಕ್ಕಿಂತ ಹೆಚ್ಚು ಸಲ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ದೇಹದ ಫ್ಯಾಂಟಮ್, ಕಿರಣದ ಅಗಲ 40 ಮಿ.ಮೀ. ಎಂದುಕೊಳ್ಳಿ. ನಡುವಿನ ತೂತಿನಲ್ಲಿ ಮೀಟರ್ 2.4 ಮಿಲಿಗ್ರೇ ತೋರಿಸಿತು. ಅಂಚಿನ ನಾಲ್ಕರ ಸರಾಸರಿ 4.8 ಬಂತು. ಚೇಂಬರ್ 100 ಮಿ.ಮೀ. ಉದ್ದಕ್ಕೂ ಸರಾಸರಿ ತೆಗೆದಿರುವುದರಿಂದ ಎರಡನ್ನೂ 100 ಭಾಗಿಸು 40, ಅಂದರೆ 2.5ರಿಂದ ಗುಣಿಸಬೇಕು. ನಡುವೆ 6, ಅಂಚಿಗೆ 12 ಆಯಿತು. ನಡುವಿನದರ ಮೂರನೇ ಒಂದು ಪಾಲು 2. ಅಂಚಿನದರ ಮೂರನೇ ಎರಡು ಪಾಲು 8. ಕೂಡಿದರೆ 10 ಮಿಲಿಗ್ರೇ. ಪಿಚ್ 1 ಇದ್ದರೆ ಪರದೆಯಲ್ಲೂ 10ರ ಆಸುಪಾಸು ಇರಬೇಕು. ಇಲ್ಲಿ ಜಾಸ್ತಿ ಎಡವುವುದು ಕಿರಣದ ಅಗಲದಲ್ಲಿ. ತೆರೆಯಲ್ಲಿ ಆರಿಸಿದ ಸ್ಲೈಸ್ ದಪ್ಪ ಬೇರೆ, ಕಿರಣದ ಅಗಲ ಬೇರೆ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಉತ್ತರ ಹಲವು ಪಟ್ಟು ತಪ್ಪುತ್ತದೆ.

ಕೆಳಗಿನ, ಅಂದರೆ 6 ಗಂಟೆ ಜಾಗದ ತೂತಿನ ರೀಡಿಂಗ್ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ಬರುತ್ತದೆ. ಟೇಬಲ್ ಅಡ್ಡ ಇದ್ದು ಕಿರಣ ತಡೆಯುತ್ತದಲ್ವಾ, ಅದಕ್ಕೆ. ನಾಲ್ಕೂ ಅಂಚಿನ ರೀಡಿಂಗ್ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುವ ವರದಿ ಕಂಡರೆ ನಾನು ಅದನ್ನು ನಂಬುವುದಿಲ್ಲ. ಅದು ಅಳೆದು ಬರೆದ ವರದಿಯಂತೆ ಕಾಣುವುದಿಲ್ಲ.

ಪರದೆಯ ಅಂಕೆಗೂ ಅಳತೆಗೂ ನಡುವೆ 20 ಪ್ರತಿಶತದವರೆಗೆ ವ್ಯತ್ಯಾಸ ಇರಬಹುದು ಎಂಬುದು ಹಲವು ಕಡೆ ಒಪ್ಪಿಕೊಂಡ ಮಿತಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2010ರಲ್ಲಿ ಇದನ್ನು ಕಾನೂನಿನಲ್ಲೇ ಬರೆಯಿತು. ಪ್ರತಿ ಸಿಟಿಯ ಡೋಸ್ ದಾಖಲಾಗಬೇಕು, ಪರದೆಯ ಅಂಕೆ ಅಳತೆಯ 20 ಪ್ರತಿಶತದೊಳಗೆ ಇದೆಯಾ ಎಂದು ಮೆಡಿಕಲ್ ಫಿಸಿಸಿಸ್ಟ್ ವರ್ಷಕ್ಕೊಮ್ಮೆ ನೋಡಬೇಕು ಎಂದಿತು.

ಆ ಕಾನೂನು ಸುಮ್ನೆ ಬರಲಿಲ್ಲ. ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯಲ್ಲಿ 2008ರಿಂದ 2009ರವರೆಗೆ, ಹದಿನೆಂಟು ತಿಂಗಳ ಕಾಲ, ಪಾರ್ಶ್ವವಾಯುವಿನ ಅನುಮಾನದಿಂದ ಮೆದುಳಿನ ರಕ್ತ ಹರಿವಿನ ಸ್ಕ್ಯಾನ್ ಮಾಡಿಸಿಕೊಂಡ ಇನ್ನೂರಕ್ಕೂ ಹೆಚ್ಚು ಜನರಿಗೆ ಬೇಕಾದ್ದಕ್ಕಿಂತ ಸುಮಾರು ಎಂಟು ಪಟ್ಟು ಡೋಸ್ ಬಿತ್ತು. ಅರ್ಧ ಗ್ರೇ ಆಗಬೇಕಾದ ಕಡೆ 3ರಿಂದ 4 ಗ್ರೇ. ಸ್ಕ್ಯಾನ್ ವಿಧಾನದ ಸೆಟ್ಟಿಂಗ್ ಬದಲಿಸಿದಾಗ ಆದ ತಪ್ಪು ಅದು. ಬಯಲಾಗಿದ್ದು ಒಬ್ಬ ರೋಗಿಯ ತಲೆಗೂದಲು ತೇಪೆ ತೇಪೆಯಾಗಿ ಉದುರಿದ ಮೇಲೆ. ಆಮೇಲೆ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಯಂತ್ರಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಎಲ್ಲ ಆಸ್ಪತ್ರೆಗಳಿಗೂ ಹೇಳಿದ ಮಾತುಗಳಲ್ಲಿ ಇದೂ ಒಂದು: ಸ್ಕ್ಯಾನ್ ಶುರು ಮಾಡುವ ಮೊದಲು ಪರದೆಯ ಡೋಸ್ ಅಂಕೆ ನೋಡಿ, ಸರಿ ಇದೆಯಾ ಯೋಚಿಸಿ. ಹದಿನೆಂಟು ತಿಂಗಳು. ಇದನ್ನು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಈ ಘಟನೆಯಿಂದ ಎರಡು ವಿಷಯ ಬೇರೆ ಮಾಡಿಕೊಳ್ಳಬೇಕು. ಅಂಕೆಯನ್ನು ನೋಡುವುದು ಒಂದು. ಅಂಕೆ ನಿಜ ಹೇಳುತ್ತಿದೆಯಾ ಎಂದು ಅಳೆಯುವುದು ಇನ್ನೊಂದು. ಅಂದಿನಿಂದ ನೋಡುವ ಅಭ್ಯಾಸ ಬೆಳೆದಿದೆ. ಮಿತಿ ಮೀರಿದರೆ ಎಚ್ಚರಿಸುವ ವ್ಯವಸ್ಥೆ ಯಂತ್ರಗಳಲ್ಲೇ ಬಂದಿದೆ. ಆದರೆ ಆ ಎಚ್ಚರಿಕೆಯೂ ಅದೇ ಕೋಷ್ಟಕದ ಲೆಕ್ಕವನ್ನೇ ನಂಬಿಕೊಂಡಿದೆ. ಕೋಷ್ಟಕ ಹಳಸಿದರೆ ಎಚ್ಚರಿಕೆಯೂ ಹಳಸುತ್ತದೆ.

20 ಪ್ರತಿಶತ ಮಿತಿ ನನ್ನ ಪ್ರಕಾರ ಸಡಿಲವೇ. ಎರಡು ಯಂತ್ರ ಇವೆ ಎಂದುಕೊಳ್ಳಿ. ಎರಡೂ 10 ಎಂದು ತೋರಿಸುತ್ತವೆ. ಒಂದು ನಿಜವಾಗಿ ಸುಮಾರು 8 ಕೊಡುತ್ತಿದೆ, ಇನ್ನೊಂದು 12. ಎರಡೂ ಹೆಚ್ಚುಕಡಿಮೆ ಪಾಸ್. ಆದರೆ ಎರಡನೆಯದರ ಕೆಳಗೆ ಮಲಗಿದವರಿಗೆ ಮೊದಲನೆಯದಕ್ಕಿಂತ ಒಂದೂವರೆ ಪಟ್ಟು ಹೋಗುತ್ತಿದೆ. ಮಿತಿಯನ್ನು ಇವತ್ತೇ ಬಿಗಿ ಮಾಡಿ ಎಂದು ನಾನು ಕೇಳುತ್ತಿಲ್ಲ. ಚೇಂಬರಿನ ಕ್ಯಾಲಿಬ್ರೇಷನ್‌ನಲ್ಲೂ, ಫ್ಯಾಂಟಮ್ ಇಡುವುದರಲ್ಲೂ ಅಷ್ಟಿಷ್ಟು ಅನಿಶ್ಚಿತತೆ ಇದ್ದೇ ಇರುತ್ತದೆ. ಆದರೆ ‘ಪಾಸ್’ ಎಂಬ ಒಂದು ಪದದ ಹಿಂದೆ ಈ ವ್ಯತ್ಯಾಸವನ್ನು ಮುಚ್ಚಿಡಬೇಡಿ. ನನ್ನ ಕೈಗೆ ಬಂದ ಎಷ್ಟೋ ವರದಿಗಳಲ್ಲಿ ಅಳತೆಯ ಅಂಕೆಯೇ ಇರಲಿಲ್ಲ, ಟಿಕ್ ಗುರುತು ಮಾತ್ರ ಇತ್ತು. ಕಳೆದ ವರ್ಷ 4 ಪ್ರತಿಶತ ಇದ್ದದ್ದು ಈ ವರ್ಷ 15 ಆಗಿದ್ದರೆ ಎರಡೂ ವರ್ಷ ಟಿಕ್ಕೇ ಬೀಳುತ್ತದೆ. ಏನೋ ಜರುಗುತ್ತಿದೆ ಎಂಬ ಸುಳಿವು ಮಾತ್ರ ಕೈತಪ್ಪಿಹೋಗುತ್ತದೆ.

ಇನ್ನೊಂದು ಚಾಳಿ: 120 ಕಿಲೋವೋಲ್ಟ್‌ನಲ್ಲಿ, ಒಂದೇ ಕಿರಣದ ಅಗಲದಲ್ಲಿ, ದೊಡ್ಡವರ ಹೊಟ್ಟೆಯ ಸ್ಕ್ಯಾನ್ ಒಂದಕ್ಕೆ ಅಳೆದು ಯಂತ್ರ ಪೂರ್ತಿ ಸರಿ ಎಂದು ಬರೆಯುವುದು. ಮಕ್ಕಳಿಗೆ ಬಳಸುವುದು ಹೆಚ್ಚಾಗಿ 80 ಅಥವಾ 100. ಅಲ್ಲಿ ಕೋಷ್ಟಕ ಸರಿ ಇದೆಯಾ ಎಂದು ಯಾರು ನೋಡಿದರು?

ಮಕ್ಕಳ ವಿಷಯಕ್ಕೆ ಬಂದರೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಗೊಂದಲ ಜಾಸ್ತಿ ಇರುವುದು ಇಲ್ಲೇ. ಅದೇ ಸ್ಕ್ಯಾನ್, ಅದೇ ಸೆಟ್ಟಿಂಗ್. ಅಂಕೆಯನ್ನು 16 ಸೆಂ.ಮೀ. ಫ್ಯಾಂಟಮ್ ಲೆಕ್ಕದಲ್ಲಿ ಬರೆದರೆ ಅದು 32ರ ಲೆಕ್ಕಕ್ಕಿಂತ ಸುಮಾರು ಎರಡು ಪಟ್ಟು ಇರುತ್ತದೆ. ಸಣ್ಣ ಸಿಲಿಂಡರಿನ ಒಳಗೆ ಕಿರಣ ಅಷ್ಟು ಸೊರಗುವುದಿಲ್ಲ, ಅದೇ ಕಾರಣ. ಮಗುವಿನ ಎದೆ, ಹೊಟ್ಟೆಯ ಸ್ಕ್ಯಾನ್‌ಗೆ ಹಿಂದೆ ಕೆಲವು ಯಂತ್ರಗಳು 16 ಹಿಡಿದವು, ಕೆಲವು 32 ಹಿಡಿದವು. ಅಂತರರಾಷ್ಟ್ರೀಯ ಮಾನದಂಡ ಆಮೇಲೆ ದೇಹಕ್ಕೆಲ್ಲ 32 ಎಂದು ಗೊತ್ತುಮಾಡಿತು. ಆದರೆ ಹಳೆಯ ಯಂತ್ರಗಳು ಹಳೆಯ ಲೆಕ್ಕದಲ್ಲೇ ಓಡುತ್ತವೆ, ಹಳೆಯ ದಾಖಲೆಗಳಂತೂ ಹಾಗೇ ಇವೆ. ಫ್ಯಾಂಟಮ್ ಯಾವುದು ಎಂದು ಬರೆಯದೆ ಮಗುವಿನ ಡೋಸ್ 5 ಮಿಲಿಗ್ರೇ ಎಂದರೆ ಅದಕ್ಕೆ ಅರ್ಥವೇ ಇಲ್ಲ. ಒಂದು ಆಸ್ಪತ್ರೆಯವರು ಇನ್ನೊಂದರ ಜೊತೆ ಹೋಲಿಸಿ ನಮ್ಮದು ಅರ್ಧಕ್ಕೆ ಅರ್ಧ ಕಡಿಮೆ ಎಂದು ಖುಷಿ ಪಡಬಹುದು. ನಿಜದಲ್ಲಿ ಎರಡೂ ಒಂದೇ ಇರಬಹುದು.

ಸರಿ, ಫ್ಯಾಂಟಮ್ 32 ಎಂದು ಗೊತ್ತಾಯಿತು ಎಂದುಕೊಳ್ಳೋಣ. ಆಗಲೂ ಅದು ಮಗುವಿಗೆ ಬಿದ್ದ ಡೋಸ್ ಅಲ್ಲ. ಅಮೆರಿಕದ ಮೆಡಿಕಲ್ ಫಿಸಿಸಿಸ್ಟ್‌ಗಳ ಸಂಘ ಎಎಪಿಎಂ 2011ರಲ್ಲಿ ತನ್ನ 204ನೇ ವರದಿಯಲ್ಲಿ ದೇಹದ ಗಾತ್ರಕ್ಕೆ ತಕ್ಕ ತಿದ್ದುಪಡಿ ಕೊಟ್ಟಿತು. ಅದರಿಂದ ಬರುವ ಅಂಕೆಗೆ ಎಸ್‌ಎಸ್‌ಡಿಇ ಎಂದು ಹೆಸರು. 15 ಸೆಂ.ಮೀ. ವ್ಯಾಸದ ಪುಟ್ಟ ಮಗುವಿಗೆ ಪರದೆಯ ಅಂಕೆಯನ್ನು ಸುಮಾರು 2.1ರಿಂದ ಗುಣಿಸಬೇಕು. 40 ಸೆಂ.ಮೀ. ದಪ್ಪದ ದೊಡ್ಡವರಿಗೆ ಸುಮಾರು 0.85ರಿಂದ. ಅಂದರೆ ಪರದೆ 4 ಎಂದರೆ ಮಗುವಿಗೆ ಎಂಟೂವರೆಯಷ್ಟು. ಚಿಕ್ಕ ದೇಹಕ್ಕೆ ಪರದೆ ಕಡಿಮೆ ಹೇಳುತ್ತದೆ, ದೊಡ್ಡ ದೇಹಕ್ಕೆ ಜಾಸ್ತಿ ಹೇಳುತ್ತದೆ. ವಿಕಿರಣದ ಅಪಾಯ ಹೆಚ್ಚು ಇರುವುದು ಮಕ್ಕಳಿಗೆ, ಕಡಿಮೆ ತೋರಿಸುವುದೂ ಮಕ್ಕಳಿಗೇ. 2014ರ 220ನೇ ವರದಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಟೇಪ್ ಹಿಡಿದು ಅಳೆದ ಗಾತ್ರದ ಬದಲು ದೇಹ ಕಿರಣವನ್ನು ಎಷ್ಟು ತಡೆಯುತ್ತದೆ ಎಂಬುದನ್ನೇ ಲೆಕ್ಕಕ್ಕೆ ತಂದಿತು. ಶ್ವಾಸಕೋಶದಲ್ಲಿ ಗಾಳಿ ತುಂಬಿರುತ್ತದಲ್ಲ, ಎದೆಗೂ ಹೊಟ್ಟೆಗೂ ಒಂದೇ ಅಳತೆ ಸಲ್ಲದು.

ಆದರೆ ಒಂದು ಮರೆಯಬಾರದು. ಎಸ್‌ಎಸ್‌ಡಿಇ ಕೂಡ ಪರದೆಯ ಅಂಕೆಯನ್ನೇ ಗುಣಿಸುತ್ತದೆ. ಪರದೆ 20 ಪ್ರತಿಶತ ತಪ್ಪಿದ್ದರೆ ಇದೂ 20 ಪ್ರತಿಶತ ತಪ್ಪು, ಜೊತೆಗೆ ತಿದ್ದುಪಡಿಯ ಅನಿಶ್ಚಿತತೆ ಬೇರೆ.

ಅಳತೆಯ ವಿಧಾನದಲ್ಲೇ ಒಂದು ಹಳೆಯ ಕೊರತೆ ಇದೆ, ಅದನ್ನೂ ಹೇಳಬೇಕು. ಸಿಟಿಡಿಐ ರೂಪ ಪಡೆದದ್ದು 1981ರಲ್ಲಿ. ಆಗ ಯಂತ್ರಗಳು ಒಂದೊಂದೇ ತೆಳು ಸ್ಲೈಸ್ ತೆಗೆಯುತ್ತಿದ್ದವು. ಆ ತೆಳು ಕಿರಣಕ್ಕೆ 100 ಮಿ.ಮೀ. ಚೇಂಬರ್ ಧಾರಾಳ ಎನಿಸಿತು. ಈಗ ಒಂದೇ ಸುತ್ತಿಗೆ 160 ಮಿ.ಮೀ. ಅಗಲದ ಕಿರಣ ಹಾಯಿಸುವ ಯಂತ್ರಗಳಿವೆ. ಕಿರಣವೇ ಚೇಂಬರಿಗಿಂತ ಅಗಲ! ತೆಳು ಕಿರಣದಲ್ಲೂ ಚದುರಿದ ಕಿರಣಗಳು ಚೇಂಬರಿನ ತುದಿ ದಾಟಿ ಹೋಗುತ್ತವೆ. ದೇಹದ ಫ್ಯಾಂಟಮ್‌ನ ನಡುವೆ ನೋಡಿದರೆ ಒಟ್ಟು ಡೋಸಿನ ಮೂರನೇ ಒಂದಕ್ಕಿಂತ ಜಾಸ್ತಿ ಹೀಗೆ ಲೆಕ್ಕದಿಂದ ಹೊರಗೆ ಉಳಿಯುತ್ತದೆ. ಅಗಲ ಕಿರಣಗಳಿಗೆ, ವಿದ್ಯುತ್ ಉಪಕರಣಗಳ ಅಂತರರಾಷ್ಟ್ರೀಯ ಮಾನದಂಡ ಮಾಡುವ ಐಇಸಿ ಸಂಸ್ಥೆಯ ಮಾನದಂಡ ಒಂದು ತಿದ್ದುಪಡಿ ಮಾಡಿದೆ. 2010ರಲ್ಲಿ ಎಎಪಿಎಂನ 111ನೇ ಕಾರ್ಯತಂಡ ಉದ್ದ ಫ್ಯಾಂಟಮ್, ಚಿಕ್ಕ ಚೇಂಬರ್ ಇಟ್ಟು ಅಳೆಯುವ ಬೇರೆಯೇ ದಾರಿ ತೋರಿಸಿದೆ. ಉದ್ದ ಫ್ಯಾಂಟಮ್ ಭಾರ, ಹೊತ್ತು ಓಡಾಡುವುದು ಕಷ್ಟ, ಒಪ್ಪುತ್ತೇನೆ. ಆದರೂ ಹಳೆಯ ಅಳತೆಗೋಲು ಎಲ್ಲಿ ಚಿಕ್ಕದಾಗುತ್ತದೆ ಎಂಬುದು ಅದನ್ನು ಬಳಸುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಇನ್ನು ಮಿಲಿಸೀವರ್ಟ್, ಅಂದರೆ ಇಡೀ ದೇಹಕ್ಕೆ ಆಗುವ ಹಾನಿಯ ಅಂದಾಜಿಗೆ ಬಳಸುವ ಮಾನ. ರೋಗಿಗಳಿಗೆ ಹೆಚ್ಚಾಗಿ ಹೇಳುವುದು ಇದನ್ನೇ. ಎದೆಯ ಸ್ಕ್ಯಾನ್‌ನ ಡಿಎಲ್‌ಪಿ 400 ಇದ್ದರೆ 0.014ರಿಂದ ಗುಣಿಸಿ 5.6 ಮಿಲಿಸೀವರ್ಟ್ ಎನ್ನುತ್ತಾರೆ. ಆ 0.014 ಒಂದು ಕಲ್ಪಿತ ಸರಾಸರಿ ದೇಹಕ್ಕೆ ಮಾಡಿದ ಲೆಕ್ಕ. ಅದರ ಹಿಂದೆ, ಯಾವ ಅಂಗಕ್ಕೆ ವಿಕಿರಣದಿಂದ ಎಷ್ಟು ಹಾನಿ ಎಂದು ಕೊಡುವ ತೂಕಗಳಿವೆ. ಅವೂ ಬದಲಾಗುತ್ತವೆ. 2007ರಲ್ಲಿ ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ ಐಸಿಆರ್‌ಪಿ ಸ್ತನದ ಅಂಗಾಂಶಕ್ಕೆ ಕೊಡುವ ತೂಕವನ್ನು 0.05ರಿಂದ 0.12ಕ್ಕೆ ಏರಿಸಿತು. ಸ್ಕ್ಯಾನ್ ಬದಲಾಗಲಿಲ್ಲ, ಎದೆಯ ಸ್ಕ್ಯಾನ್‌ನ ಅಂದಾಜು ಬದಲಾಯಿತು. ಒಬ್ಬ ವ್ಯಕ್ತಿಯ ಅಪಾಯ ಹೇಳಲು ಈ ಅಂಕೆಯಲ್ಲ ಎಂದು ಐಸಿಆರ್‌ಪಿಯೇ ಹೇಳುತ್ತದೆ. ಹಾಗಿದ್ದೂ 5.63 ಎಂದು ಬರೆದು ರೋಗಿಯ ಕೈಗೆ ಕೊಡುವುದು ಸರಿಯಲ್ಲ. ‘ಸುಮಾರು 5ರಿಂದ 6’ ಎಂದರೂ ಅದು ತೋರುವಷ್ಟು ಖಚಿತವಲ್ಲ.

ಈ ಅಂಕೆಗಳ ಮೇಲೆ ಕಟ್ಟಿದ ಸಂಶೋಧನೆ ನೋಡಿ. ಯುರೋಪಿನ 9 ದೇಶಗಳ, ಚಿಕ್ಕ ವಯಸ್ಸಿನಲ್ಲಿ ಸಿಟಿ ಮಾಡಿಸಿಕೊಂಡ ಸುಮಾರು ಒಂಬತ್ತೂವರೆ ಲಕ್ಷ ಜನರ ದಾಖಲೆ ಹಿಡಿದು ನಡೆದ ಎಪಿ-ಸಿಟಿ ಅಧ್ಯಯನದ ರಕ್ತದ ಕ್ಯಾನ್ಸರ್ ಫಲಿತಾಂಶ 2023ರಲ್ಲಿ ಬಂತು. ಮೂಳೆಮಜ್ಜೆಗೆ ಬಿದ್ದ ಡೋಸ್ ಹೆಚ್ಚಿದಂತೆ ಅಪಾಯವೂ ಹೆಚ್ಚಿರುವುದು ಅದರಲ್ಲಿ ಕಂಡಿತು. ಅಂಥ ಕೆಲಸದಲ್ಲಿ ಡೋಸ್ ಕಡಿಮೆ ಅಂದಾಜಾದರೆ ಪ್ರತಿ ಮಿಲಿಗ್ರೇಗೆ ಅಪಾಯ ಜಾಸ್ತಿ ಕಾಣುತ್ತದೆ, ಜಾಸ್ತಿ ಅಂದಾಜಾದರೆ ಕಡಿಮೆ. ಸಂಶೋಧಕರು ವರ್ಷಗಟ್ಟಲೆ ಕೂತು ಹಳೆಯ ಸ್ಕ್ಯಾನ್‌ಗಳ ಡೋಸ್ ಮತ್ತೆ ಕಟ್ಟಬೇಕಾಗುತ್ತದೆ. ಮುಂದೆ ಇಂಥ ಅಧ್ಯಯನ ಮಾಡುವವರಿಗೆ ನಾವು ಇವತ್ತು ಬರೆದಿಡುವುದೇ ಮೂಲ ದಾಖಲೆ. ಅದನ್ನಾದರೂ ನೆಟ್ಟಗೆ ಬರೆಯೋಣ.

ಈಗ ನಾನು ಕೇಳುವುದು.

ಆಸ್ಪತ್ರೆಯವರೇ, ಟ್ಯೂಬ್ ಬದಲಾದ ದಿನ ಯಂತ್ರವನ್ನು ಮಧ್ಯಾಹ್ನವೇ ರೋಗಿಗಳಿಗೆ ಬಿಟ್ಟುಕೊಡಬೇಡಿ. ಫ್ಯಾಂಟಮ್ ಇಟ್ಟು ಅಳೆಯಲು ಅರ್ಧ ದಿನ ಕೊಡಿ. ‘ಪೇಷೆಂಟ್ ಕಾಯ್ತಿದ್ದಾರೆ, ಬೇಗ ಮುಗಿಸಿ’ ಎಂದು ಬಾಗಿಲಲ್ಲಿ ನಿಂತರೆ ಐದು ತೂತಿನ ಬದಲು ಎರಡು ತೂತಿನ ಅಳತೆ ಆಗುತ್ತದೆ. ವರ್ಷದ ಪರೀಕ್ಷೆಯಲ್ಲಿ ನಿಮ್ಮಲ್ಲಿ ನಿಜವಾಗಿ ಬಳಸುವ ಸ್ಕ್ಯಾನ್‌ಗಳನ್ನು ಅಳೆಸಿ, ಅದರಲ್ಲಿ ಮಕ್ಕಳದ್ದೂ ಒಂದು ಇರಲಿ. ವರದಿಯಲ್ಲಿ ಪರದೆಯ ಅಂಕೆ, ಅಳತೆಯ ಅಂಕೆ, ವ್ಯತ್ಯಾಸ ಮೂರೂ ಇರಬೇಕೆಂದು ಪಟ್ಟು ಹಿಡಿಯಿರಿ. ಟೆಕ್ನಿಷಿಯನ್‌ಗಳಿಗೂ ಒಂದು ಪ್ರತಿ ಕೊಡಿ. ದಿನವೂ ಆ ಅಂಕೆ ನೋಡುವವರು ಅವರು. ರೋಗಿಯನ್ನು ಗ್ಯಾಂಟ್ರಿಯ ಮಧ್ಯಕ್ಕೆ ಸರಿಯಾಗಿ ತರದಿದ್ದರೆ ಅಂಚಿನ ಡೋಸ್ ಏರುತ್ತದೆ, ಪರದೆ ಅದನ್ನು ಹೇಳುವುದಿಲ್ಲ ಎಂಬುದೂ ಅವರಿಗೆ ತಿಳಿದಿರಲಿ.

ತಯಾರಕರೇ, ನಿಮ್ಮ ಕೋಷ್ಟಕವನ್ನು ಮುಚ್ಚಿಡಬೇಡಿ. ಯಾವ ಕಿಲೋವೋಲ್ಟ್‌ಗೆ, ಯಾವ ಫಿಲ್ಟರ್‌ಗೆ, ಯಾವ ಅಗಲಕ್ಕೆ ಎಷ್ಟು ಎಂದು ಕೈಪಿಡಿಯಲ್ಲಿ ಓದುವಂತೆ ಹಾಕಿ. ಹೊಸ ಟ್ಯೂಬ್ ಹಾಕಿದ ಮೇಲೆ ನಿಮ್ಮ ಎಂಜಿನಿಯರ್ ಬರೆಯುವ ಸರ್ವಿಸ್ ರಿಪೋರ್ಟ್‌ನಲ್ಲಿ ಔಟ್‌ಪುಟ್ ಅಳತೆಯ ಅಂಕೆ ಇರಲಿ. ಡೋಸ್ ಪುಟದಲ್ಲಿ ಫ್ಯಾಂಟಮ್ ಗಾತ್ರ ದೊಡ್ಡ ಅಕ್ಷರದಲ್ಲಿ ಕಾಣಲಿ. ಎಸ್‌ಎಸ್‌ಡಿಇಯನ್ನು ಹೆಚ್ಚುವರಿ ಹಣಕ್ಕೆ ಮಾರುವ ಸಾಫ್ಟ್‌ವೇರ್ ಮಾಡಬೇಡಿ. ಅದು ಪ್ರತಿ ಮಗುವಿನ ಸ್ಕ್ಯಾನ್ ಜೊತೆ ತಾನಾಗಿ ಬರಬೇಕು.

ನಿಯಮ ಮಾಡುವವರೇ, ಉಲ್ಲೇಖ ಮಟ್ಟಗಳನ್ನು ಗೊತ್ತುಮಾಡಲು ಆಸ್ಪತ್ರೆಗಳಿಂದ ಪರದೆಯ ಅಂಕೆ ತರಿಸಿಕೊಳ್ಳುತ್ತೀರಿ. ಆ ಯಂತ್ರದ ಕೊನೆಯ ಅಳತೆಯ ವರದಿಯನ್ನೂ ಜೊತೆಗೇ ತರಿಸಿಕೊಳ್ಳಿ. ವರದಿ ಇಲ್ಲದ ಯಂತ್ರದ ಅಂಕೆಯನ್ನು ಸಮೀಕ್ಷೆಗೆ ಸೇರಿಸಬೇಡಿ. ಆಗಾಗ ಸ್ವತಂತ್ರ ತಂಡ ಕಳಿಸಿ, ಅದೇ ಯಂತ್ರವನ್ನು ಬೇರೆ ಚೇಂಬರಿನಿಂದ ಅಳೆಸಿ, ನಮ್ಮಂಥವರ ಅಳತೆಯನ್ನೂ ಪರೀಕ್ಷಿಸಿ. ನಮ್ಮ ಚೇಂಬರಿಗೆ ಕ್ಯಾಲಿಬ್ರೇಷನ್ ಅವಧಿ ಮುಗಿದಿದ್ದರೆ ನಮ್ಮ ವರದಿಯನ್ನು ವಾಪಸ್ ಕಳಿಸಿ. ಅದರಲ್ಲಿ ಮುಲಾಜು ಬೇಡ.

ಇದನ್ನು ಓದುತ್ತಿರುವ ಉಳಿದವರಿಗೆ ಒಂದು ವಿನಂತಿ. ನಿಮಗೋ ಮಗುವಿಗೋ ಸಿಟಿ ಆದಾಗ ಚಿತ್ರಗಳ ಜೊತೆ ಡೋಸ್ ಪುಟವನ್ನೂ ಕೇಳಿ ಇಟ್ಟುಕೊಳ್ಳಿ. ಫ್ಯಾಂಟಮ್ 16 ಇದೆಯಾ, 32 ಇದೆಯಾ ನೋಡಿ. ಯಂತ್ರವನ್ನು ಕೊನೆಯ ಸಲ ಯಾವಾಗ ಅಳೆದರು, ಎಷ್ಟು ವ್ಯತ್ಯಾಸ ಬಂತು ಎಂದು ಕೇಳಿ. ಮೆಲ್ಲಗೆ, ಗೌರವದಿಂದ ಕೇಳಿದರೆ ಸಾಕು. ಉತ್ತರ ಅವರ ಕಡತದಲ್ಲಿ ಇರಲೇಬೇಕು.

ಇಂತಿ,
ಒಬ್ಬ ಮೆಡಿಕಲ್ ಫಿಸಿಸಿಸ್ಟ್